ಹೊಳೆಯಾಚೆಯ ಕಾಗದ

ಮಿಸೌರಿ ಹೊಳೆಗೆ ಆಚೆ ಐಯೊವಾ, ಈಚೆ ನೆಬ್ರಾಸ್ಕಾ.
ನಡುವೆ ನಮ್ಮ ಬ್ಲೇರ್ ಊರಿನ ಸೇತುವೆ,
ಅದರ ಮೇಲೊಂದು ತಗಡಿನ ಹಲಗೆ:
ಇಲ್ಲಿಗೆ ಒಂದು ರಾಜ್ಯ ಮುಗಿಯಿತು ಅನ್ನುತ್ತದೆ.
ಕೆಳಗೆ ನೀರು ಓದುವುದಿಲ್ಲ.

ನಾನು ದನದ ಡಾಕ್ಟರು.
ದನ ಮುಟ್ಟಲಿಕ್ಕೆ ಎರಡೂ ದಡದ ಲೈಸೆನ್ಸು ಇದೆ.
ಗಾಡಿ ಓಡಿಸಲಿಕ್ಕೆ ಇದ್ದದ್ದು ಒಂದೇ, ಈ ದಡದ್ದು.

ಮಾರ್ಚ್ ತಿಂಗಳ ಆ ರಾತ್ರಿ, ಆಚೆ,
ಕರುವಿನ ಹಿಂಭಾಗ ಮುಂದಾಗಿತ್ತು.
ಭುಜದವರೆಗೆ ಕೈ ಒಳಗಿಟ್ಟು ಎರಡು ಗಂಟೆ,
ಕಡೆಗೆ ಕಾಲಿಗೆ ಸರಪಳಿ ಹಾಕಿ ಎಳೆದೆವು. ಉಸಿರಾಡಿತು.
ವರ್ನನ್ ಮುದುಕ ಖುಷಿಗೆ ಕೊಟ್ಟಿಗೆಯಲ್ಲೇ ಬಾಟ್ಲಿ ಬಿಚ್ಚಿದ.
ಮೊದಲನೆಯದು ಚಳಿಗೆ. ಎರಡನೆಯದು ಕರುವಿಗೆ.
ಮೂರನೆಯದಕ್ಕೆ ಕಾರಣ ಹುಡುಕಲಿಲ್ಲ, ನಾಲ್ಕನೆಯದಕ್ಕೆ ಲೆಕ್ಕ.

ಒಂದೂವರೆಗೆ ಜಲ್ಲಿ ರಸ್ತೆಯ ತಿರುವಿನಲ್ಲಿ
ಯಾರದೋ ಅಂಚೆ ಡಬ್ಬಿಯನ್ನು ಕಂಬಸಮೇತ ಕಿತ್ತೆ.
ಕಾಗದಗಳು ಹೆಡ್‌ಲೈಟಿನಲ್ಲಿ ಹಾರಿದವು,
ಕೊಕ್ಕರೆ ಎದ್ದವೆಂದುಕೊಂಡೆ.

ಪೊಲೀಸಿನವ ಊದು ಅಂದ. ಊದಿದೆ.
ಸೊನ್ನೆ ಎಂಟಕ್ಕೆ ಗೆರೆ, ನನ್ನದು ಒಂದು ಒಂದು.
ಕಾರ್ಡು ಮೇಲೆ ಕೆಳಗೆ ಮಾಡಿ ಹೆಸರು ಕೇಳಿದ.
ಇಂದುಮತಿ ಅಣ್ಣಿಗೇರಿ ಅಂದೆ.
ಅವನ ಕಾಗದದಲ್ಲಿ ಅದು ಇಂಡಿ, ಆಮೇಲೆ ಆನಿ, ಆಮೇಲೆ ಗ್ಯಾರಿ.
ಒಳ್ಳೆಯದೇ ಆಯಿತು,
ಇಷ್ಟು ಕುಂಟುವ ಹೆಸರು ಹೊಳೆ ದಾಟಲಾರದು.

ಲೋಗನ್ ಊರಿನ ಕೋರ್ಟಿನಲ್ಲಿ ತಪ್ಪೊಪ್ಪಿದೆ,
ದಂಡ ಕಟ್ಟಿದೆ, ರಸೀದಿ ಮಡಿಸಿ
ಲಸಿಕೆ ಡಬ್ಬಿಯ ತಳಕ್ಕೆ ತಳ್ಳಿದೆ, ಈಚೆ ಬಂದೆ.
ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು:
ಅವ್ವನ ಬಾಯಲ್ಲಿ ಬೈಗುಳವಾಗಿದ್ದದ್ದು
ನನ್ನ ಬಾಯಲ್ಲಿ ಸಮಾಧಾನವಾಯಿತು.

ಐದನೆಯ ವಾರ ಅಂಬಿಗ ಅಂಚೆಯಲ್ಲಿ ಬಂದ.
ಲಿಂಕನ್ನಿನ ಮುದ್ರೆ, ತೆಳು ಲಕೋಟೆ.
ಈ ತಪ್ಪಿಗೆ ಆಚೆಯವರದು ಒಂದು ಹೆಸರು, ಈಚೆಯವರದು ಇನ್ನೊಂದು,
ಆದರೂ ತಮ್ಮತಮ್ಮಲ್ಲಿ ಒಪ್ಪಂದವಂತೆ.
‘ನೀವು ಅಲ್ಲಿ ಮಾಡಿದ್ದನ್ನು
ಇಲ್ಲಿಯೇ ಮಾಡಿದಂತೆ ಭಾವಿಸಲಾಗಿದೆ.’
ಆರು ತಿಂಗಳು ಲೈಸೆನ್ಸು ಇಲ್ಲ.
ಹೆಸರು ಈಗಲೂ ತಪ್ಪು. ನಂಬರು ಸರಿ.

ಭಾವಿಸಲಾಗಿದೆ! ಯಾರು ಕೂತು ಭಾವಿಸಿದರು?
ಫೋನು ಮಾಡಿದೆ. ಡಾರ್ಲೀನ್ ಅನ್ನುವವಳು ಎತ್ತಿದಳು.
ದಂಡ ಕಟ್ಟಿ ಆಗಿದೆಯಲ್ಲ, ಅಂದೆ.
ಅದು ಅವರ ದುಡ್ಡು, ಇದು ನಮ್ಮ ಕಾರ್ಡು, ಅಂದಳು.
ಕಾನ್ಸಸ್‌ಗೆ ಹೋಗಿ ಹೊಸದು ಮಾಡಿಸಿದರೆ?
ನಕ್ಕಳು, ಕೆಟ್ಟ ನಗುವಲ್ಲ:
‘ಅವರೂ ನಮ್ಮನ್ನೇ ಕೇಳುತ್ತಾರೆ, ಹನಿ.’

ಈಗ ನನ್ನ ಟ್ರಕ್ಕನ್ನು ಹತ್ತೊಂಬತ್ತರ ಕೋಡಿ ಓಡಿಸುತ್ತಾನೆ,
ಗಂಟೆಗೆ ಇಷ್ಟು ಅಂತ, ಜೊತೆಗೆ ಅವನ ಹಾಡುಗಳನ್ನು ಕೇಳಬೇಕು.
ನಾನು ಬಲಗಡೆ, ಮಡಿಲಲ್ಲಿ ಡಬ್ಬಿ.
ಹದಿನಾಲ್ಕು ವರ್ಷ ಓಡಾಡಿದ ರಸ್ತೆಗೆ
ಈ ಮಗ್ಗುಲೂ ಇತ್ತೆಂದು ಗೊತ್ತಿರಲಿಲ್ಲ.

ಕೋರ್ಟಿನ ಒಂದು ಮಾತು ನುಂಗಿದ್ದೆ. ಹೇಳಿಬಿಡುತ್ತೇನೆ.
ಅಂಚೆ ಡಬ್ಬಿಯ ಹೆಂಗಸು ಬಂದಿದ್ದಳು. ಕೂಗಾಡಲಿಲ್ಲ.
ಡಬ್ಬಿ ಮೂವತ್ತು ಡಾಲರಿನದು, ಅಂದಳು.
ನನ್ನ ಮಗ ಸ್ಕೂಲ್ ಬಸ್ಸಿಗೆ ಅದಕ್ಕೆ ಒರಗಿಕೊಂಡೇ ನಿಲ್ಲುತ್ತಾನೆ,
ಏಳು ಗಂಟೆಗೆ.

ಒಂದೂವರೆಯಿಂದ ಏಳಕ್ಕೆ ಐದೂವರೆ ಗಂಟೆ.
ಎಷ್ಟು ಸಲ ಕಳೆದರೂ ಅಷ್ಟೇ ಉಳಿಯುತ್ತದೆ.
ಲಿಂಕನ್ನಿನವರು ಭಾವಿಸಿದ್ದು ಕಡಿಮೆಯೇ.

ಸೆಪ್ಟೆಂಬರಿನ ಒಂದು ಬೆಳಗ್ಗೆ ವರ್ನನ್ನನ ಮಂದೆಗೆ ಲಸಿಕೆ.
ತಿರುವಿನಲ್ಲಿ ಹಳದಿ ಬಸ್ಸು ತೋಳು ಚಾಚಿತ್ತು.
ಕೋಡಿ ನಿಲ್ಲಿಸಿದ.
ಹೊಸ ಡಬ್ಬಿ, ಹೊಸ ಕಂಬ, ಬುಡಕ್ಕೆ ಹಸಿ ಸಿಮೆಂಟು.
ಹುಡುಗ ಬಸ್ಸು ಹತ್ತುವ ಮುನ್ನ ತಿರುಗಿ ಕೈ ಬೀಸಿದ,
ಆ ಕಡೆಯವರು ಕಂಡವರಿಗೆಲ್ಲ ಬೀಸುವಂತೆ.

‘ಗುರುತಿನವರಾ?’ ಅಂದ ಕೋಡಿ.
ಹೂಂ ಅನ್ನಲಾಗಲಿಲ್ಲ, ಊಹೂಂ ಅನ್ನಲೂ.
ಲಸಿಕೆ ಬಿಸಿಯಾದೀತು, ನಡಿ, ಅಂದೆ.
ಬಸ್ಸಿನ ತೋಳು ಇನ್ನೂ ಚಾಚಿಯೇ ಇತ್ತು.